ಹೊಟ್ಟೆಯೊಳಗಿನ ಅಂಟು: ಎಂಟು ವಾರದ ಲಾಗ್

ಶುರುವಿಗೆ ಮುಂಚೆ

ಸಿಸೇರಿಯನ್, ಗರ್ಭಕೋಶ ಅಥವಾ ಅಪೆಂಡಿಕ್ಸ್ ಆಪರೇಷನ್ ಆಗಿ ಆರು ತಿಂಗಳು ದಾಟಿದ್ದು, ಡಾಕ್ಟರು ಪರೀಕ್ಷೆ ಮಾಡಿ ಬೇರೆ ಕಾರಣ ಇಲ್ಲ ಎಂದಿರುವ ನೋವಿಗೆ ಈ ಕ್ರಮ. ಹೊಟ್ಟೆಯ ಒಳಪೊರೆಗೆ ಗಾಯವಾದಾಗ ಫೈಬ್ರಿನ್ ಎಂಬ ಜಿಗುಟು ಪದರ ಕೂರುತ್ತದೆ. ಅದು ಕೆಲವೇ ದಿನದಲ್ಲಿ ಕರಗಬೇಕು. ಕರಗದೆ ಉಳಿದರೆ ಅದರಲ್ಲಿ ಕೊಲಾಜನ್ ನಾರು, ರಕ್ತನಾಳ, ಕೆಲವೊಮ್ಮೆ ನರವೂ ಬೆಳೆದು ಕರುಳು ಪಕ್ಕದ ಅಂಗಕ್ಕೋ ಹೊಟ್ಟೆಯ ಗೋಡೆಗೋ ಹಿಡಿದುಕೊಳ್ಳುತ್ತದೆ. ಇದೇ ಅಂಟು. ಮಾಮೂಲಿ ಸ್ಕ್ಯಾನ್‌ನಲ್ಲಿ ಇದು ಹೆಚ್ಚಾಗಿ ಕಾಣುವುದೇ ಇಲ್ಲ. ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ.

ಮತ್ತೆ ಆಪರೇಷನ್ ಮಾಡಿಸಿ ಬಿಡಿಸಬಾರದೇ? ನೆದರ್ಲೆಂಡ್ಸ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 100 ಜನರಿದ್ದರು. ಸುಮಾರು ಅರ್ಧ ಜನರಿಗೆ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್‌ನಲ್ಲಿ, ಅಂಟು ಬಿಡಿಸಿದರು, ಉಳಿದವರಿಗೆ ಒಳಗೆ ನೋಡಿ ಹಾಗೇ ಮುಚ್ಚಿದರು. ವರ್ಷ ಕಳೆದಾಗ ಎರಡೂ ಗುಂಪಿನಲ್ಲಿ ನೋವು ಇಳಿದಿತ್ತು, ಗಣನೀಯ ವ್ಯತ್ಯಾಸ ಇರಲಿಲ್ಲ. ಬಿಡಿಸಿದ ಜಾಗದಲ್ಲಿ ಹೊಸ ಅಂಟು ಕೂರುವ ಅಪಾಯ ಬೇರೆ. ಹಾಗಾಗಿ ಈ ಕ್ರಮದ ಗುರಿ ಅಂಟನ್ನು ಕೀಳುವುದಲ್ಲ, ಅದು ಇದ್ದಂತೆಯೇ ನೋವು ಇಳಿಸುವುದು.

ವಾರ 1: ಬರೀ ಲೆಕ್ಕ

ನೋಟ್‌ಬುಕ್‌ನಲ್ಲಿ ಐದೇ ಕಾಲಂ: ಹೊತ್ತು, 10ಕ್ಕೆ ನೋವು ಎಷ್ಟು, ತಿಂದದ್ದು, ಕಕ್ಕಸು, ಮಾಡಿದ ಕೆಲಸ. ಮೊದಲು ಹನ್ನೊಂದು ಕಾಲಂ ಇತ್ತು. ಅಷ್ಟನ್ನು ದಿನಾ ತುಂಬುವುದು ಆಗದ ಮಾತು.

ಇದೇ ವಾರ ಒಂದು ಪರೀಕ್ಷೆ. ಅಂಗಾತ ಮಲಗಿ, ನೋವಿನ ಜಾಗವನ್ನು ಒಂದೇ ಬೆರಳಲ್ಲಿ ಒತ್ತಿ ಹಿಡಿದು, ತಲೆ ಮತ್ತು ಭುಜ ಎತ್ತಬೇಕು. ನೋವು ಏರಿದರೆ ಅಥವಾ ಅಷ್ಟೇ ಉಳಿದರೆ ಮೂಲ ಹೊಟ್ಟೆಯ ಗೋಡೆಯಲ್ಲಿರಬಹುದು, ಅಂದರೆ ಹೊಲಿಗೆಯ ಹತ್ತಿರ ನರ ಸಿಕ್ಕಿಕೊಂಡಿರಬಹುದು. ಅದಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಇದೆ, ಡಾಕ್ಟರಿಗೆ ಹೇಳಲೇಬೇಕು. ಇಳಿದರೆ ಮೂಲ ಒಳಗಿರುವ ಸಾಧ್ಯತೆ ಹೆಚ್ಚು.

ವಾರ 2: ಉಸಿರು

ಹೊಕ್ಕುಳ ಕೆಳಗೆ ಅಂಗೈ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ, ದಿನಕ್ಕೆರಡು ಸಲ. ಅಂಗೈ ಮೇಲೇಳದೆ ಎದೆಯಷ್ಟೇ ಉಬ್ಬಿದರೆ ತಪ್ಪಾಗುತ್ತಿದೆ ಎಂದರ್ಥ. ಆಮೇಲೆ ಮಂಡಿ ಮಡಚಿ ಎಡಕ್ಕೂ ಬಲಕ್ಕೂ ಹತ್ತು ಹತ್ತು ಸಲ ವಾಲಿಸುವುದು.

ವಾರ 3–4: ಕೈ

ಆಪರೇಷನ್ ಕಲೆಯ ಸುತ್ತ ಕೈಯಿಂದ ಉಜ್ಜುವುದು. ಎಲ್ಲರೂ ಎಡವುವುದು ಇಲ್ಲೇ. ಮೂತ್ರ ಹೋಗಿ ಬಂದು, ಊಟವಾಗಿ ಎರಡು ಗಂಟೆ ಬಿಟ್ಟು, ಮಂಡಿ ಕೆಳಗೆ ದಿಂಬಿಟ್ಟು ಮಲಗಬೇಕು. ಕೊಬ್ಬರಿ ಎಣ್ಣೆ ಮೂರು ಹನಿ ಸಾಕು. ಜಾಸ್ತಿ ಸುರಿದರೆ ಬೆರಳು ಜಾರುತ್ತದೆ, ಚರ್ಮ ಅಲ್ಲೇ ಇರುತ್ತದೆ. ನಮಗೆ ಬೇಕಾದದ್ದು ಚರ್ಮ ಸರಿಯುವುದು. ಕಲೆಯಿಂದ 2 ಸೆಂಟಿಮೀಟರ್ ಆಚೆ ಎರಡು ಬೆರಳಿಟ್ಟು, ಚರ್ಮ ತಡೆಯುವವರೆಗೆ ಕಲೆಯ ಕಡೆ ತಳ್ಳಿ, 30 ಸೆಕೆಂಡ್ ಹಿಡಿದು ಬಿಡುವುದು. ಹೀಗೇ ಮೇಲೆ, ಕೆಳಗೆ, ಅಕ್ಕಪಕ್ಕ. ಒಟ್ಟು 5 ನಿಮಿಷ. ಹತ್ತು ನಿಮಿಷ ಅಂತ ಶುರು ಮಾಡಿದ್ದನ್ನು ಇಳಿಸಿದ್ದು, ಸ್ನಾಯು ಬಿಗಿಹಿಡಿದುಕೊಳ್ಳುತ್ತದೆ ಎಂಬ ಕಾರಣಕ್ಕೆ.

ಮಿತಿ: ಉಜ್ಜುವಾಗ ನೋವು 10ಕ್ಕೆ 4 ದಾಟಬಾರದು, ಗಂಟೆಯೊಳಗೆ ಇಳಿಯಬೇಕು. ಮಾರನೇ ದಿನವೂ ಉಳಿದರೆ ಒತ್ತಡ ಅರ್ಧಕ್ಕೆ. ಬಲವಾಗಿ ಒತ್ತಿದರೆ ಒಳಗಿನ ಹಳೇ ಅಂಟು ಹರಿಯುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹಾಗೆ ಹೇಳಿ ಪ್ಯಾಕೇಜ್ ಮಾರುವವರಿಂದ ದೂರ ಇರಿ. ಮುಟ್ಟಿದರೆ ಚುರುಗುಡುವ ಕಲೆಗೆ ಮೊದಲು ಹತ್ತಿ, ಆಮೇಲೆ ಹಳೇ ಕಾಟನ್ ಸೀರೆ, ಕೊನೆಗೆ ಟರ್ಕಿ ಟವೆಲ್, ತಲಾ ಎರಡು ನಿಮಿಷ ಸವರಿದರೆ ನರ ಒಗ್ಗಿಕೊಳ್ಳುತ್ತದೆ.

ವಾರ 5–6: ಅಡುಗೆಮನೆ

ಕರುಳು ಎಲ್ಲೋ ಮಡಚಿದ್ದರೆ ನಾರಿನ ಉಂಡೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೋವು ಏರಿದ ದಿನ ಬೇಡವಾದದ್ದು: ಹಸಿ ತೆಂಗಿನತುರಿ, ನುಗ್ಗೆಕಾಯಿ, ಅಣಬೆ, ಮೆಕ್ಕೆಜೋಳ, ಹಲಸಿನ ತೊಳೆ, ಕಿತ್ತಳೆಯ ಬಿಳಿ ನಾರು. ಮುದ್ದೆಯ ತಕರಾರು ಬೇರೆ: ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅಂಥ ದಿನ ಜರಡಿ ಹಿಡಿದ ಹಿಟ್ಟಿನ ರಾಗಿ ಗಂಜಿ, ಮೆತ್ತಗೆ ಬೆಂದ ಅನ್ನಕ್ಕೆ ತಿಳಿಸಾರು, ಮಜ್ಜಿಗೆ. ಮೂರು ದೊಡ್ಡ ಊಟದ ಬದಲು ಐದು ಚಿಕ್ಕವು. ಉಳಿದ ದಿನ ನಾರು ಬಿಡಬಾರದು, ಬಿಟ್ಟರೆ ಮಲಬದ್ಧತೆ, ಅದರಿಂದ ಮತ್ತೆ ನೋವು.

ಇಸಬ್ಗೋಲ್ ಒಂದು ಚಮಚಕ್ಕೆ ತುಂಬಿದ ಲೋಟ ನೀರು ಬೇಕೇ ಬೇಕು. ಕರುಳು ಕಿರಿದಾಗಿದೆ ಎಂಬ ಅನುಮಾನ ಇದ್ದರೆ ಮುಟ್ಟಲೇಬಾರದು. ಅದು ಉಬ್ಬಿ ಅಡ್ಡಗಟ್ಟುತ್ತದೆ.

ವಾರ 7: ಯಂತ್ರ, ಮಾತ್ರೆ

ಟೆನ್ಸ್ ಅಂದರೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಯಂತ್ರ. ಅದರ ಪ್ಯಾಡ್ ನಾಲ್ಕು, ಕಲೆಯ ಸುತ್ತ, ಮೇಲಲ್ಲ. 100 ಹರ್ಟ್ಜ್, 30 ನಿಮಿಷ, ಜೋರಾದ ಜುಮ್ ಅನ್ನಿಸುವಷ್ಟು. ಪೇಸ್‌ಮೇಕರ್ ಇದ್ದರೆ, ಗರ್ಭಿಣಿಯಾಗಿದ್ದರೆ ಬೇಡ. ಸ್ಪರ್ಶವಿಲ್ಲದ ಜಾಗಕ್ಕೆ ಪ್ಯಾಡೂ ಬೇಡ, ಬಿಸಿನೀರಿನ ಚೀಲವೂ ಬೇಡ, ಸುಟ್ಟರೂ ಗೊತ್ತಾಗದು.

ನರದ ನೋವಿಗೆ ಡಾಕ್ಟರು ರಾತ್ರಿ ಹೊತ್ತಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂನಂಥ ಕಡಿಮೆ ಡೋಸ್ ಬರೆಯುವುದುಂಟು. ಅದೂ, ನೋವಿನ ಮಾತ್ರೆ ಟ್ರಮಡಾಲೂ ಮಲ ಕಟ್ಟಿಸುತ್ತವೆ, ಮಾತ್ರೆ ಶುರುವಾದ ದಿನ ಕಕ್ಕಸು ಕಾಲಂ ಪಕ್ಕ ಗುರುತು ಹಾಕಿ.

ವಾರ 8: ನಡಿಗೆ, ಭಾರ

ಒಳ್ಳೇ ದಿನ ಒಂದು ಗಂಟೆ, ಮಾರನೇ ದಿನ ಹಾಸಿಗೆ ಎಂಬ ಉಯ್ಯಾಲೆ ನಿಲ್ಲಬೇಕು. ಸಲೀಸಾಗಿ 20 ನಿಮಿಷ ನಡೆಯಲಾದರೆ 16ರಿಂದ ಶುರು, ವಾರಕ್ಕೆ ಎರಡು ನಿಮಿಷ ಏರಿಸುವುದು. ಬಿಂದಿಗೆ ಎತ್ತುವಾಗ ಉಸಿರು ಬಿಡುತ್ತಾ ಎತ್ತಬೇಕು, ಹಿಡಿದುಕೊಂಡಲ್ಲ.

ನೋಟ್‌ಬುಕ್‌ನ ಒಳರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ: ಅಲೆಅಲೆಯಾಗಿ ಹಿಂಡುವ ನೋವು, ಹೊಟ್ಟೆ ಉಬ್ಬರ, ಹಸಿರು ವಾಂತಿ, ಗಾಳಿಯೂ ಹೋಗುತ್ತಿಲ್ಲ. ಆಗ ಉಜ್ಜುವುದು, ಭೇದಿ ಮಾತ್ರೆ, ಊಟ, ನೀರು ಎಲ್ಲ ಬಂದ್. ನೇರ ಎಮರ್ಜೆನ್ಸಿಗೆ, ಹಳೇ ಆಪರೇಷನ್ ಚೀಟಿ ಸಮೇತ.