ಕೌಂಟ್ ಬೇಸಿ ಪಿಯಾನೋ ಅಷ್ಟು ಕಡಿಮೆ ನುಡಿಸಿದ್ದೇಕೆ?

ಜಾಝ್ ಕೇಳಲು ಶುರುಮಾಡಿದವರು ಬೇಗನೆ ಕೇಳುವ ಪ್ರಶ್ನೆ ಇದು. ಕೌಂಟ್ ಬೇಸಿ ಪಿಯಾನೋ ವಾದಕ, ಸುಮಾರು ಅರ್ಧ ಶತಮಾನ ಬ್ಯಾಂಡ್ ನಡೆಸಿದವರು. ಆದರೆ ರೆಕಾರ್ಡ್ ಹಾಕಿದರೆ ಅವರ ಪಿಯಾನೋ ಅಲ್ಲೊಂದು ಟಿಂಗ್, ಇಲ್ಲೆರಡು ಟಿಂಗ್, ಅಷ್ಟೇ. ಕೈ ಓಡುತ್ತಿರಲಿಲ್ಲವೇ?

ಚೆನ್ನಾಗಿಯೇ ಓಡುತ್ತಿತ್ತು. 1904ರಲ್ಲಿ ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಊರಿನಲ್ಲಿ ಹುಟ್ಟಿದ ವಿಲಿಯಂ ಬೇಸಿ ಪಳಗಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಲಿಂಕನ್ ಥಿಯೇಟರಿನಲ್ಲಿ ಫ್ಯಾಟ್ಸ್ ವಾಲರ್ ಆರ್ಗನ್ ನುಡಿಸುವಾಗ ಹತ್ತಿರ ಕೂತು, ಅವರ ಕೈಕಾಲು ನೋಡಿ ಕಲಿತರು. ಆಗ ಅಲ್ಲಿ ಸ್ಟ್ರೈಡ್ ಶೈಲಿಯ ಕಾಲ. ನಾಲ್ಕು ಪೆಟ್ಟಿನಲ್ಲಿ ಒಂದು ಮತ್ತು ಮೂರಕ್ಕೆ ಎಡಗೈ ಕೆಳಗಿನ ಒಂಟಿ ಸ್ವರ ಹಿಡಿಯಬೇಕು, ಎರಡು ಮತ್ತು ನಾಲ್ಕಕ್ಕೆ ಒಟ್ಟಿಗೆ ಹಿಡಿಯುವ ಕೆಲವು ಸ್ವರಗಳ ಗುಚ್ಛಕ್ಕೆ, ಅಂದರೆ ನಡುವಿನ ಕಾರ್ಡ್‌ಗೆ ಹಾರಬೇಕು. ಅಂದರೆ ಡಬಲ್ ಬೇಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ), ಗಿಟಾರ್ ಎರಡರ ಕೆಲಸವೂ ಒಂದೇ ಎಡಗೈಯದು. ಕನ್ಸಾಸ್ ಸಿಟಿಯ ಬೆನ್ನಿ ಮೋಟನ್ ಬ್ಯಾಂಡಿನಲ್ಲಿದ್ದಾಗ 1932ರಲ್ಲಿ ಮುದ್ರಿಸಿದ ‘ಪ್ರಿನ್ಸ್ ಆಫ್ ವೇಲ್ಸ್’ ಕೇಳಿ. ಅಲ್ಲಿ ಬೇಸಿ ಒಂದು ಕ್ಷಣವೂ ಸುಮ್ಮನಿಲ್ಲ. 1957ರ ‘ದಿ ಕಿಡ್ ಫ್ರಮ್ ರೆಡ್ ಬ್ಯಾಂಕ್’ನಲ್ಲೂ ಅದೇ ಎಡಗೈ ಅದೇ ರಭಸದಲ್ಲಿ ಓಡುತ್ತದೆ.

ಹಾಗಾದರೆ ಉಳಿದ ಸಮಯದಲ್ಲಿ ಆ ಎಡಗೈ ಎಲ್ಲಿಗೆ ಹೋಯಿತು? ಅದರ ಕೆಲಸವನ್ನು ಬೇರೆ ಮೂವರು ವಹಿಸಿಕೊಂಡರು. ನನ್ನ ಮಟ್ಟಿಗೆ ಉತ್ತರದ ಮುಕ್ಕಾಲು ಪಾಲು ಇಷ್ಟೇ.

1927ರಲ್ಲಿ ಒಂದು ಸಂಚಾರಿ ತಂಡದ ಜೊತೆ ಹೊರಟ ಬೇಸಿ ಕನ್ಸಾಸ್ ಸಿಟಿಯಲ್ಲಿ ಕೈ ಖಾಲಿಯಾಗಿ ಉಳಿದರು. ಮುಂದಿನ ವರ್ಷ ವಾಲ್ಟರ್ ಪೇಜ್ ಅವರ ಬ್ಲೂ ಡೆವಿಲ್ಸ್ ಸೇರಿದರು, ಅದರ ಮುಂದಿನ ವರ್ಷ ಮೋಟನ್ ಬ್ಯಾಂಡು. 1935ರಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯಲ್ಲಿ ಮೋಟನ್ ತೀರಿಕೊಂಡ ಮೇಲೆ ಬೇಸಿ ರೀನೋ ಕ್ಲಬ್ಬಿನಲ್ಲಿ ತಮ್ಮದೇ ಬ್ಯಾಂಡ್ ಕಟ್ಟಿದರು. ಪೇಜ್ ಅಲ್ಲಿ ಡಬಲ್ ಬೇಸ್‌ನಲ್ಲಿ ನಾಲ್ಕೂ ಪೆಟ್ಟಿಗೆ ಒಂದೊಂದು ಸ್ವರ ಇಡುತ್ತ ‘ನಡೆಯುತ್ತಿದ್ದರು’. ಡ್ರಮ್ಸ್‌ನ ಜೋ ಜೋನ್ಸ್ ಲಯವನ್ನು ಕಾಲಡಿಯ ದೊಡ್ಡ ಡ್ರಮ್ಮಿನಿಂದ ಎತ್ತಿ, ಹೈ-ಹ್ಯಾಟ್ ಎಂಬ ಜೋಡಿ ತಾಳಕ್ಕೆ ಸಾಗಿಸಿದರು. ಡ್ರಮ್ಮಿನ ದಡ್‌ದಡ್ ತಗ್ಗಿದ್ದರಿಂದ ಪೇಜ್ ಅವರ ಸ್ವರ ಕಿವಿಗೆ ಬಿತ್ತು. 1937ರಲ್ಲಿ ಬಂದ ಫ್ರೆಡ್ಡಿ ಗ್ರೀನ್, ಆಂಪ್ಲಿಫೈಯರ್ ಇಲ್ಲದ ಗಿಟಾರಿನಲ್ಲಿ ನಾಲ್ಕೂ ಪೆಟ್ಟಿಗೆ ಕಾರ್ಡ್ ಕೊಟ್ಟರು. ಅದೂ ಪೂರ್ತಿ ಆರು ತಂತಿಯ ಕಾರ್ಡಲ್ಲ. ನಿಜವಾಗಿ ದನಿ ಬಿಡುತ್ತಿದ್ದುದು ನಡುವಿನ ಒಂದೆರಡು ತಂತಿ, ಉಳಿದವು ಬೆರಳಡಿ ಅದುಮಿಕೊಂಡು ಬರೀ ‘ಚಕ್’. 1987ರಲ್ಲಿ ಸಾಯುವವರೆಗೂ ಆ ಕುರ್ಚಿ ಬಹುಪಾಲು ಅವರದೇ.

ಇಷ್ಟು ಸಿದ್ಧವಿದ್ದಾಗ ಪಿಯಾನೋ ಮತ್ತೆ ಸ್ಟ್ರೈಡ್ ನುಡಿಸಿದರೆ ಪೇಜ್ ಮತ್ತು ಗ್ರೀನ್ ಇಬ್ಬರ ಮೇಲೂ ಮಣ್ಣು ಹಾಕಿದಂತೆ. ಬೇಸಿಗೆ ಉಳಿದದ್ದು ಎರಡು ಕೆಲಸ. ಸ್ಯಾಕ್ಸೊಫೋನ್, ಟ್ರಂಪೆಟ್ ಊದುವವರ ಸ್ವರಸಾಲು ಮುಗಿದಲ್ಲಿ ಉಳಿಯುವ ಸಂದಿಯಲ್ಲಿ, ಪಿಯಾನೋದ ಮೇಲಿನ ತುದಿಯಲ್ಲಿ, ಎರಡು ಮೂರು ಸ್ವರ ಇಡುವುದು ಒಂದು. ಬ್ಲೂಸ್‌ನ 12 ಬಾರ್ ಸುತ್ತಿನಲ್ಲಿ (ನಾಲ್ಕು ಪೆಟ್ಟಿಗೆ ಒಂದು ಬಾರ್) ಈ ಸಂದಿಗಳು ಸಾಮಾನ್ಯವಾಗಿ 3-4, 7-8, 11-12ನೇ ಬಾರ್‌ಗಳಲ್ಲಿ ಸಿಗುತ್ತವೆ.

ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು: ಕಾಲಪ್ರಮಾಣ ಹಿಡಿಯುವುದು. ಹಲವು ಹಾಡುಗಳು ಪಿಯಾನೋದಿಂದಲೇ ಶುರುವಾಗುವುದು ಅದಕ್ಕೇ. ಲಯ ಕೂರುವವರೆಗೆ ಲಯದ ನಾಲ್ವರೇ ನುಡಿಸುತ್ತಾರೆ, ಕೂತ ಮೇಲೆ ಬೇಸಿ ಸನ್ನೆ ಮಾಡುತ್ತಾರೆ, ಆಗಷ್ಟೇ ಉಳಿದವರ ಪ್ರವೇಶ. 1937ರ ಜುಲೈ 7ರಂದು ಡೆಕ್ಕಾ ಕಂಪನಿಗೆ ಮುದ್ರಿಸಿದ ‘ಒನ್ ಓ’ಕ್ಲಾಕ್ ಜಂಪ್’ ಇದಕ್ಕೆ ಒಳ್ಳೆಯ ಮಾದರಿ. ಎಫ್ ಶ್ರುತಿಯಲ್ಲಿ ಪಿಯಾನೋ, ಆಮೇಲೆ ಡಿ-ಫ್ಲಾಟ್‌ಗೆ ಜಿಗಿತ. ಊದುವವರಲ್ಲಿ ಹರ್ಷಲ್ ಇವಾನ್ಸ್, ಜಾರ್ಜ್ ಹಂಟ್, ಲೆಸ್ಟರ್ ಯಂಗ್, ಬಕ್ ಕ್ಲೇಟನ್ ಒಬ್ಬರಾದ ಮೇಲೊಬ್ಬರು ಒಂದೊಂದು ಸುತ್ತು. ಹಿಂದೆ ಉಳಿದವರ ಪುಟ್ಟ ಪಲ್ಲವಿ, ಅಂದರೆ ರಿಫ್. ಆಗಿನ ಬ್ಯಾಂಡು ಇಂಥವನ್ನೆಲ್ಲ ಕಾಗದವಿಲ್ಲದೆ, ಬಾಯಿಂದ ಬಾಯಿಗೆ ಹೇಳಿಕೊಂಡೇ ಕಟ್ಟುತ್ತಿತ್ತು. (ದುಡ್ಡಿನ ಲೆಕ್ಕ ಮಾತ್ರ ಕೆಟ್ಟದಾಗಿತ್ತು. ಡೆಕ್ಕಾ ಬರೆಸಿಕೊಂಡದ್ದು ರೆಕಾರ್ಡಿನ 24 ಬದಿಗೆ (ಬದಿಗೊಂದು ಹಾಡು) 750 ಡಾಲರ್, ರಾಯಲ್ಟಿ ಇಲ್ಲ. ಅಷ್ಟು ಜನಪ್ರಿಯವಾದ ರೆಕಾರ್ಡಿನ ಮಾರಾಟದಲ್ಲಿ ಬೇಸಿಗೆ ಪಾಲೇ ಇಲ್ಲ.)

ನಷ್ಟದಿಂದಾಗಿ 1950ರಲ್ಲಿ ದೊಡ್ಡ ಬ್ಯಾಂಡ್ ಮುಚ್ಚಿತು. 1952ರಲ್ಲಿ ಮತ್ತೆ ಕಟ್ಟಿದ್ದು ಬರೆದ ನೋಟ್ಸ್ ನೋಡಿ ನುಡಿಸುವ ಬ್ಯಾಂಡು: ನೀಲ್ ಹೆಫ್ಟಿ, ಅರ್ನಿ ವಿಲ್ಕಿನ್ಸ್, ಫ್ರಾಂಕ್ ಫಾಸ್ಟರ್ ಬರೆದುಕೊಡುತ್ತಿದ್ದರು. ಇಲ್ಲೂ ಬೇಸಿಯ ಕೈವಾಡ ಕಡಿತದಲ್ಲೇ. ಹೆಫ್ಟಿ ‘ಲಿಲ್ ಡಾರ್ಲಿನ್’ ಅನ್ನು ಚುರುಕು ನಡೆಗೆಂದು ತಂದಿದ್ದರು, ಬೇಸಿ ಅದನ್ನು ನಿಧಾನಕ್ಕೆ ಎಳೆದರು. ಇವತ್ತು ಅದನ್ನು ಬೇರೆ ವೇಗದಲ್ಲಿ ಊಹಿಸುವುದೂ ಕಷ್ಟ.

ಈ ನೋಟ್ಸ್ ಈಗ ಕೊಳ್ಳಲು ಸಿಗುತ್ತವೆ, ಕಾಲೇಜು ಬ್ಯಾಂಡುಗಳು ನುಡಿಸುತ್ತವೆ. ಕೆಡುವುದು ಹೆಚ್ಚಾಗಿ ಒಂದೇ ಕಡೆ. ಪಿಯಾನೋದವರು ಎಡಗೈಯಲ್ಲಿ ಮೂಲಸ್ವರ ಹಿಡಿಯುತ್ತಾರೆ, ಅದು ಡಬಲ್ ಬೇಸ್‌ನ ಸ್ವರಕ್ಕೆ ಡಿಕ್ಕಿ ಹೊಡೆದು ತಳವೆಲ್ಲ ಕಲಸುತ್ತದೆ. ಗಿಟಾರಿನವರು ಆಂಪ್ಲಿಫೈಯರ್ ಹಾಕಿ ಆರೂ ತಂತಿ ಬಾರಿಸುತ್ತಾರೆ, ಪಿಯಾನೋಗೆ ಸಂದಿಯೇ ಉಳಿಯುವುದಿಲ್ಲ. ಸರಿಪಡಿಸಲು ಮೊದಲು ಪಿಯಾನೋ ಪೂರ್ತಿ ನಿಲ್ಲಿಸಿ, ಮೂವರೇ ಒಂದು ಸುತ್ತು ನುಡಿಸಲಿ. ಲಯ ಅಲ್ಲಾಡದಿದ್ದರೆ ಪಿಯಾನೋದವರ ಬಲಗೈಯನ್ನು ಮಾತ್ರ ಒಳಗೆ ಬಿಡಿ. ಅಲ್ಲಾಡಿದರೆ ತಪ್ಪು ಪಿಯಾನೋದ್ದಲ್ಲ, ಅದನ್ನು ಪಿಯಾನೋದಿಂದ ಮುಚ್ಚಲೂ ಹೋಗಬೇಡಿ.

‘ಲಿಲ್ ಡಾರ್ಲಿನ್’ನಲ್ಲಿ ಇನ್ನೊಂದು ತೊಡಕಿದೆ. ಊದುವವರು ಪೆಟ್ಟಿಗಿಂತ ತುಸು ಹಿಂದೆ ಬೀಳಬೇಕು, ಲಯದವರು ಬೀಳಬಾರದು. ಅವರನ್ನು ಕೇಳಿಕೊಂಡು ಇವರೂ ಹಿಂದೆ ಸರಿದರೆ ಹತ್ತು ಬಾರ್ ಕಳೆಯುವಷ್ಟರಲ್ಲಿ ಹಾಡು ತೆವಳುತ್ತದೆ. ಅಭ್ಯಾಸದಲ್ಲಿ ಡಬಲ್ ಬೇಸಿನವರನ್ನು ಊದುವವರಿಗೆ ಬೆನ್ನು ಮಾಡಿ, ಹೈ-ಹ್ಯಾಟ್‌ಗೆ ಮುಖ ಮಾಡಿ ನಿಲ್ಲಿಸಿ ನೋಡಿ.