ಟ್ಯೂಬಿನಲ್ಲೇ ಸೊರಗಿದ ಜಿ6ಪಿಡಿ

ಕಳೆದ ತಿಂಗಳು ಮಾಡಿಟ್ಟ ಜಿ6ಪಿಡಿ ಎಂಜೈಮ್ ಒಂದೇ ವಾರಕ್ಕೆ ಕೆಲಸ ನಿಲ್ಲಿಸಿಬಿಟ್ಟಿತು. ಪ್ರೋಟೀನನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿ ನೋಡಿದರೆ ಎಲ್ಲ ಸರಿಯಾಗೇ ಇದೆ, 59 ಕಿಲೋಡಾಲ್ಟನ್ ಹತ್ತಿರ ಒಂದೇ ದಪ್ಪ ಬ್ಯಾಂಡ್. ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ ಕುವೆಟ್ಟಿಗೆ ಹಾಕಿದರೆ ಮಾತ್ರ 340 ನ್ಯಾನೋಮೀಟರಿನ ಗೆರೆ ಮೇಲೆ ಏಳೋದೇ ಇಲ್ಲ.

ಜಿ6ಪಿಡಿ ಅಂದರೆ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್. ಎನ್‌ಎಡಿಪಿ ಅನ್ನುವ ಸಹಾಯಕ ಅಣುವನ್ನು ಎನ್‌ಎಡಿಪಿಎಚ್ ಮಾಡುತ್ತದೆ. ಎನ್‌ಎಡಿಪಿಎಚ್ 340ರಲ್ಲಿ ಬೆಳಕು ಹೀರುತ್ತದೆ, ಹಾಗಾಗಿ ಗೆರೆ ಏರಿದರೆ ಎಂಜೈಮ್ ದುಡಿಯುತ್ತಿದೆ ಅಂತ ಅರ್ಥ.

ನಾವು ಇದನ್ನು ರಕ್ತದಿಂದ ತೆಗೆಯುವುದಿಲ್ಲ. ಮನುಷ್ಯನ ಜೀನನ್ನು ಡಿಎನ್‌ಎಯ ಪುಟ್ಟ ಉಂಗುರವಾದ ಪ್ಲಾಸ್ಮಿಡ್‌ನಲ್ಲಿಟ್ಟು ಇ. ಕೋಲಿ ಬ್ಯಾಕ್ಟೀರಿಯಾಗೆ ಸೇರಿಸುತ್ತೇವೆ, 515 ಅಮೈನೋ ಆಮ್ಲದ ಈ ಸರಪಳಿಗೆ ಆರು ಹಿಸ್ಟಿಡೀನ್‌ಗಳ ಬಾಲ ಅಂಟಿಸುತ್ತೇವೆ, ಆ ಜೀನನ್ನು ಚಾಲೂ ಮಾಡುವ ಐಪಿಟಿಜಿ ಹಾಕಿ ರಾತ್ರಿಯಿಡೀ 18 ಡಿಗ್ರಿಯಲ್ಲಿ ಬೆಳೆಸುತ್ತೇವೆ. 37ರಲ್ಲಿ ಅವಸರ ಮಾಡಿದಾಗ ನನಗೆ ಸಿಕ್ಕಿದ್ದು ಜಾಸ್ತಿ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನಿನ ಗಂಟುಗಳೇ. ಬೆಳಿಗ್ಗೆ ಕೋಶ ಒಡೆದು ನಿಕ್ಕಲ್ ಕಾಲಂಗೆ ಸುರಿದರೆ ಬಾಲ ನಿಕ್ಕಲ್‌ಗೆ ಕಚ್ಚಿಕೊಳ್ಳುತ್ತದೆ, ಮಿಕ್ಕಿದ್ದು ತೊಳೆದು ಹೋಗುತ್ತದೆ, ಆಮೇಲೆ ಇಮಿಡಜೋಲ್ ಕೊಟ್ಟು ಬಿಡಿಸಿಕೊಳ್ಳುವುದು.

ನಾನು ತಪ್ಪಿದ್ದು ಆಮೇಲಿನ ಹೆಜ್ಜೆಯಲ್ಲಿ. ಮನುಷ್ಯನ ಜಿ6ಪಿಡಿಯಲ್ಲಿ ಎನ್‌ಎಡಿಪಿ ಕೂರಲು ಎರಡು ಜಾಗ ಇವೆ. ಒಂದು ಕೆಲಸಕ್ಕೆ. ಇನ್ನೊಂದು ಅಲ್ಲಿಂದ ದೂರ, ಅದರ ಕೆಲಸ ಎಂಜೈಮಿನ ಆಕಾರವನ್ನು ಹಿಡಿದಿಡುವುದು. ನಾನು ಶೇಖರಿಸಿಡುವ ಬಫರ್‌ಗೆ ಎನ್‌ಎಡಿಪಿ ಹಾಕಿರಲೇ ಇಲ್ಲ, ಸಾಲದ್ದಕ್ಕೆ ಒಂದೇ ಟ್ಯೂಬನ್ನು ಮತ್ತೆ ಮತ್ತೆ ಕರಗಿಸಿ ಫ್ರೀಜ್ ಮಾಡಿದ್ದೆ. ಎರಡನೇ ಸಲ ಎನ್‌ಎಡಿಪಿ, ಗ್ಲಿಸರಾಲ್ ಎರಡೂ ಹಾಕಿ, ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿ, ಮೈನಸ್ 80ಕ್ಕೆ ಇಟ್ಟೆ. ಒಂದು ಟ್ಯೂಬ್, ಒಂದೇ ಸಲ. ಮೂರು ವಾರ ಆಯಿತು, ಗೆರೆ ಇನ್ನೂ ಚೆನ್ನಾಗಿ ಏರುತ್ತಿದೆ.

ಈ ಸೊರಗುವಿಕೆ ನನ್ನ ಟ್ಯೂಬಿನ ಕತೆ ಮಾತ್ರ ಅಲ್ಲ ಅನ್ನೋದು ಆಗ ಮನಸ್ಸಿಗೆ ತಟ್ಟಿತು. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿರುವ ನಮ್ಮ ಸೋದರಮಾವನಿಗೆ ವೈವ್ಯಾಕ್ಸ್ ಮಲೇರಿಯಾ ಬಂದಿತ್ತು. 14 ದಿನ ಪ್ರೈಮಾಕ್ವಿನ್ ಕೊಟ್ಟಿದ್ದರು. ಅತ್ತೆ ಫೋನ್ ಮಾಡಿ, "ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಅಂದಿದ್ದಾರೆ ಡಾಕ್ಟರ್. ಜ್ವರದ ಮಾತ್ರೆಗೂ ಅದಕ್ಕೂ ಏನೋ ಸಂಬಂಧ?" ಅಂತ ಕೇಳಿದರು. ಆಗ ನಾನು ಹೇಳಿದ್ದು ಪುಸ್ತಕದ ಉತ್ತರ.

ಪ್ರೈಮಾಕ್ವಿನ್‌ನಂಥ ಮದ್ದಿನ ಹೊಡೆತದಿಂದ ಕೆಂಪು ರಕ್ತಕಣವನ್ನು ಕಾಯುವುದು ಜಿ6ಪಿಡಿ ಮಾಡಿಕೊಡುವ ಎನ್‌ಎಡಿಪಿಎಚ್. ಆದರೆ ಈ ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ. ಹುಟ್ಟುವಾಗ ಬಂದ ಜಿ6ಪಿಡಿಯಲ್ಲೇ ಸುಮಾರು 120 ದಿನ ಬಾಳಬೇಕು, ಹೊಸದು ಮಾಡಿಕೊಳ್ಳಲು ಬರುವುದಿಲ್ಲ. ಕೆಲವರಲ್ಲಿ ಜೀನಿನ ಒಂದು ಅಕ್ಷರ ಬದಲಾಗಿ ಎಂಜೈಮ್ ಬೇಗ ಹಾಳಾಗುತ್ತದೆ. ಆಫ್ರಿಕಾದಲ್ಲಿ ಹೆಚ್ಚಾಗಿರುವ ಎ-ಮೈನಸ್ ಬಗೆಯಲ್ಲಿ ಎಳೆಯ ಕಣ ತಡೆದುಕೊಳ್ಳುತ್ತದೆ, ಹಳೆಯದು ಪ್ರೈಮಾಕ್ವಿನ್ ಹೊಡೆತಕ್ಕೆ ಒಡೆಯುತ್ತದೆ. ಒಡೆದ ಕಣದ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುತ್ತದೆ. ಈ ಮಾತ್ರೆ ಕೆಲವರಿಗೆ ಮಾತ್ರ ಯಾಕೆ ಆಗಿಬರಲ್ಲ ಅಂತ ಹುಡುಕುತ್ತಾ ಹೋಗಿಯೇ 1956ರಲ್ಲಿ ಈ ಎಂಜೈಮಿನ ಕೊರತೆ ಗೊತ್ತಾಗಿದ್ದು. ಮಾವನಿಗೆ ಏನೂ ಆಗಲಿಲ್ಲ. ಆದರೂ ಮಾತ್ರೆ ಕೊಡುವ ಮೊದಲೇ ಎಲ್ಲರಿಗೂ ಜಿ6ಪಿಡಿ ಪರೀಕ್ಷೆ ಆಗಬೇಕು, ಮೂತ್ರದ ಬಣ್ಣ ನೋಡುತ್ತಾ ಕೂರುವಂತೆ ಆಗಬಾರದು ಅಲ್ವಾ?

ಬ್ಯಾಕ್ಟೀರಿಯಾದಲ್ಲಿ ಮಾಡಿದ ಎಂಜೈಮಿನ ಬೆಲೆ ಇರುವುದು ಇಲ್ಲೇ. ಬದಲಾದ ಅಕ್ಷರವನ್ನು ಪ್ಲಾಸ್ಮಿಡ್‌ಗೆ ತಂದು, ಯಾವ ರೋಗಿಗೂ ತೊಂದರೆ ಕೊಡದೆ, ಎಂಜೈಮ್ ಎಲ್ಲಿ ಸೋಲುತ್ತದೆ ಅಂತ ಅಳೆಯಬಹುದು. ಮುಂದಿನ ವಾರ ಒರಿಸ್ಸಾ ಅನ್ನುವ ಬಗೆ ಶುರು ಮಾಡುತ್ತಿದ್ದೇನೆ. ನಮ್ಮ ದೇಶದ ಬುಡಕಟ್ಟು ಜನರಲ್ಲಿ ಕಂಡುಬಂದದ್ದು ಅದು, 44ನೇ ಜಾಗದಲ್ಲಿ ಅಲನೀನ್ ಬದಲು ಗ್ಲೈಸೀನ್. ಎನ್‌ಎಡಿಪಿಯನ್ನು ಹಿಡಿಯುವ ಶಕ್ತಿಯೇ ಅದಕ್ಕೆ ಕಡಿಮೆ. ಈ ಸಲ ಕಾಲಂನಿಂದ ಇಳಿಯುವ ಮೊದಲೇ ಟ್ಯೂಬುಗಳಲ್ಲಿ ಎನ್‌ಎಡಿಪಿ ಕಾಯುತ್ತಿರುತ್ತದೆ.