ಕಾಲ ಬುಡದಲ್ಲಿ ಉರಿಯುತ್ತಿದ್ದ ಪಂಜು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಪಾತ್ರ ಕಟ್ಟಿ ಆಡುವ ದಾಳದಾಟದಲ್ಲಿ ನನ್ನ ಪಾತ್ರ ಭೈರ. ಅವನ ಬುದ್ಧಿಯ ಅಂಕ ಬರೀ 8. ಬಾರ್ಬೇರಿಯನ್, ಅಂದರೆ ಒರಟು ಹೋರಾಟಗಾರ. ಕಾಡಂಚಿನ ಊರವನು, ಕೈಯಲ್ಲೊಂದು ದೊಡ್ಡ ಕೊಡಲಿ, ಓದು ಬರಹ ಇಲ್ಲ. ಹಾಗಂತ ಎರಡು ಪುಟ ಕಥೆ ಬರೆದುಕೊಟ್ಟವನು ನಾನೇ.

ಆ ಭಾನುವಾರ ಆಟದ ಗವಿಯೊಳಗೆ ಡಿಎಂ, ಅಂದರೆ ಕಥೆ ನಡೆಸುವ ಡಂಜನ್ ಮಾಸ್ಟರ್, ನಮ್ಮೆದುರು ಒಂದು ಟ್ರೋಲ್ ರಾಕ್ಷಸನನ್ನು ತಂದು ನಿಲ್ಲಿಸಿದ. ಈ ಆಟದ ಹಳಬರಿಗೆಲ್ಲ ಇದರ ಗುಟ್ಟು ಗೊತ್ತು. ನಾವು ಆಡುವ ಐದನೇ ಆವೃತ್ತಿಯ 2014ರ ನಿಯಮದಲ್ಲಿ ಟ್ರೋಲ್ ತನ್ನ ಸರದಿ ಬಂದಾಗಲೆಲ್ಲ 10 ಹಿಟ್ ಪಾಯಿಂಟ್ (ಜೀವದ ಅಂಕ) ವಾಪಸ್ ಪಡೆಯುತ್ತದೆ. ಬೆಂಕಿಯೋ ಆಸಿಡ್ಡೋ ತಾಗಿದರೆ ಮಾತ್ರ ಆ ಸಲ ಗಾಯ ಕೂಡುವುದಿಲ್ಲ. ಇದು ನನಗೆ ಗೊತ್ತು, ಭೈರನಿಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದನ್ನು ಅವನ ತಲೆಗೆ ತುರುಕಿದರೆ ಅದು ಮೆಟಾಗೇಮಿಂಗ್.

"ಭೈರನಿಗೆ ಏನಾದರೂ ಹೊಳೆಯುತ್ತಾ?" ಅಂತ ಕೇಳಿ 20 ಮುಖದ ದಾಳ ಉರುಳಿಸಿದೆ. 5 ಬಿತ್ತು. ಬುದ್ಧಿ ಕಮ್ಮಿ ಅಂತ ಅದರಲ್ಲೂ 1 ಕಳೆಯಬೇಕು. ಡಿಎಂ ಸುಮ್ನೆ ನಕ್ಕ.

ಸರಿ, ಕೊಡಲಿಯಲ್ಲೇ ಕಡಿದೆ. ಗಾಯ ಕೂಡಿಕೊಂಡಿತು. ಮತ್ತೆ ಕಡಿದೆ, ಮತ್ತೆ ಕೂಡಿಕೊಂಡಿತು. ಒಳಗೊಳಗೇ ಹೆಮ್ಮೆ ಬೇರೆ. ತಾಳಮದ್ದಳೆಯಲ್ಲಿ ಕೃಷ್ಣ ಸಂಧಾನಕ್ಕೆ ಕೌರವನ ಅರ್ಥ ಹೇಳುವವರಿಗೆ ಯುದ್ಧ ಯಾರು ಗೆಲ್ಲುತ್ತಾರೆ ಅಂತ ಗೊತ್ತಿಲ್ವಾ? ಆದರೂ ಸೋಲುವ ಮಾತೇ ಇಲ್ಲ ಅನ್ನೋ ಹಾಗೆ ವಾದ ಹೂಡುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಒಂದು ವ್ಯತ್ಯಾಸ ಮರೆತೆ. ಅಲ್ಲಿ ಕಥೆ ಮೊದಲೇ ಗಟ್ಟಿ. ಇಲ್ಲಿ ಪಕ್ಕದಲ್ಲಿ ಕೂತವಳ ಪಾತ್ರ ನಿಜಕ್ಕೂ ಸಾಯಬಹುದು.

ಸತ್ತೇ ಹೋಯಿತು. ಅವಳಿಗೆ ಅದು ಮೂರನೇ ಆಟ. ಪಾತ್ರ ನೆಲಕ್ಕುರುಳಿದಾಗ ಬದುಕೋ ಸಾವೋ ಅಂತ ಹಾಕುವ ಮೂರು ದಾಳವೂ 10ರ ಕೆಳಗೇ, ಅಂದರೆ ಸೋಲಿಗೇ, ಬಿದ್ದವು. ಮೂರನೆಯದು ಚಟ್ನಿ ಬಟ್ಟಲಿಗೆ ತಾಗಿ ನಿಂತಿತು, 7. ಯಾರೂ ಮಾತಾಡಲಿಲ್ಲ. ಉಳಿದವರು ಗವಿಯಿಂದ ಓಡಿದೆವು.

ಚಹಾ ಕುಡಿಯುವಾಗ ಡಿಎಂ ಕೇಳಿದ: "ಅಲ್ಲ ಮಾರಾಯ, ನಿನ್ನ ಕಾಲ ಬುಡದಲ್ಲೇ ಪಂಜು ಉರೀತಿತ್ತಲ್ಲ. ಕಾಡಂಚಿನವನು. ಗದ್ದೆಗೆ ಹಂದಿ ನುಗ್ಗಿದರೆ ನಿಮ್ಮೂರಲ್ಲಿ ಏನು ಹಿಡಿದು ಓಡಿಸ್ತಾರೆ?"

ಬಾಯಿ ಕಟ್ಟಿತು. ಏನೂ ಗೊತ್ತಿಲ್ಲದ ಭೈರ ಎರಡನೇ ಏಟಿಗೇ ಗಾಬರಿಯಲ್ಲಿ ಆ ಪಂಜು ಎತ್ತಿ ಬೀಸುತ್ತಿದ್ದ. ಗುಟ್ಟು ಗೊತ್ತಿದ್ದ ನಾನು ಬೇಕಂತಲೇ ಬೆಂಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೆ. ಅವನ ಕೈ ಕಟ್ಟಿದ್ದು ನನ್ನ ತಿಳಿವಳಿಕೆಯೇ.

ಅವಳು ಲೋಟ ಕೆಳಗಿಟ್ಟಳು. "ಅದಕ್ಕೆ ಬೆಂಕಿ ಆಗಲ್ಲ ಅಂತ ಮೊದಲೇ ಗೊತ್ತಿತ್ತಾ?"

"ಭೈರನಿಗೆ ಗೊತ್ತಿರಲಿಲ್ಲ," ಅಂದೆ.

"ನಾನು ಭೈರನ್ನ ಕೇಳಲಿಲ್ಲ."